ಬಸವನಿಗೆ ಒಪ್ಪಿಗೆ, ಗೌರಿಗೆ ನಿರಾಕರಣೆ: ಆನ್‌ಲೈನ್ ಆಟಗಳ ಪ್ರಾಣಿಗಳು ಮತ್ತು ಕನ್ನಡದ ಹೆಸರುಗಳು

ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದ್ಕೊಂಡು ಶುರು ಮಾಡ್ತೀನಿ. ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಆಟಗಾರರು ತಮ್ಮ ಪ್ರಾಣಿಗಳಿಗೆ ತಾವೇ ಹೆಸರಿಡುವುದು, ಅದರಲ್ಲೂ ಕನ್ನಡ ಲಿಪಿಯಲ್ಲಿ ಇಡುವುದು, ಇವತ್ತಿನ ನನ್ನ ವಿಷಯ.

ನಾನು ಗಡಹಿಂಗ್ಲಜ ಕಡೆಯವನು, ಓದು ಕೊಲ್ಹಾಪುರದಲ್ಲಿ. ನಮ್ಮ ಅಜ್ಜನ ಕೊಟ್ಟಿಗೆಯಲ್ಲಿ ಹೆಸರಿಲ್ಲದ ದನ ಇರಲಿಲ್ಲ. ಎತ್ತು ಬಸವ, ಆಕಳು ಗೌರಿ. ಕಾರ ಹುಣ್ಣಿಮೆಯನ್ನು ಕೊಲ್ಹಾಪುರ ಭಾಗದಲ್ಲಿ ‘ಕರ್ನಾಟಕಿ ಬೇಂದೂರ’ ಅಂತಾರೆ. ಆ ದಿನ ಕೋಡಿಗೆ ಬಣ್ಣ ಬಳಿಯುವಾಗ ಅಜ್ಜ ಒಂದೊಂದನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಈಗ ಕೊಟ್ಟಿಗೆ ಖಾಲಿ.

ನನ್ನ ಕಾಕಾನ ಮಗ ಇಚಲಕರಂಜಿಯಲ್ಲಿ ಪವರ್‌ಲೂಮ್ ಸದ್ದಿನ ನಡುವೆ ಬೆಳೆದವನು. ಆ ದನಗಳನ್ನು ಅವನು ಕಂಡದ್ದು ರಜೆಯಲ್ಲಿ ಮಾತ್ರ. ಮೊಬೈಲಿನಲ್ಲಿ ಆಡುವ ಒಂದು ಆಟದಲ್ಲಿ ಅವನು ಎರಡು ಕುದುರೆ ಪಳಗಿಸಿದ. ಒಂದಕ್ಕೆ ‘ಬಸವ’ ಅಂತ ಟೈಪ್ ಮಾಡಿದ, ಆಟ ಒಪ್ಪಿತು. ಇನ್ನೊಂದಕ್ಕೆ ‘ಗೌರಿ’ ಅಂದ. ‘ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಬೇಕು’ ಎಂಬ ಸಂದೇಶ ಬಂತು. “ಅಣ್ಣಾ, ಗೌರಿಯೊಳಗ ಅಕ್ಷರ ಇಲ್ಲೇನು?” ಅಂತ ಫೋನ್ ಮಾಡಿ ಕೇಳಿದ.

ಉತ್ತರ ಯೂನಿಕೋಡ್‌ನಲ್ಲಿದೆ. ಅಲ್ಲಿ ‘ಬ’, ‘ಸ’, ‘ವ’ ಇವು ‘ಅಕ್ಷರ’ ಎಂಬ ವರ್ಗಕ್ಕೆ ಸೇರುತ್ತವೆ. ಆದರೆ ಕಾಗುಣಿತದ ಗುರುತುಗಳು, ಸೊನ್ನೆ, ಒತ್ತಕ್ಷರ ಮೂಡಿಸುವ ವಿರಾಮ, ಇವೆಲ್ಲ ‘ಚಿಹ್ನೆ’ ಎಂಬ ಬೇರೆ ವರ್ಗದವು. ‘ಗೌರಿ’ ಎಂದರೆ ಗ, ಔ-ಚಿಹ್ನೆ, ರ, ಇ-ಚಿಹ್ನೆ. ನಿಯಮ ಬರೆದವರು ‘ಅಕ್ಷರ’ ವರ್ಗವನ್ನಷ್ಟೇ ಬಿಟ್ಟುಕೊಂಡರೆ ಕಾಗುಣಿತವೇ ಇಲ್ಲದ ಬಸವ ದಾಟುತ್ತಾನೆ, ಗೌರಿ ಬಾಗಿಲಲ್ಲೇ ನಿಲ್ಲುತ್ತಾಳೆ. ದೇವನಾಗರಿಯಲ್ಲೂ ಇದೇ ಕಥೆ. ಗಡಿಯ ಎರಡೂ ಭಾಷೆಗೆ ಇಲ್ಲಿ ಒಂದೇ ನ್ಯಾಯ!

ಎರಡನೆಯ ತೊಡಕು ಎಣಿಕೆಯದು. ‘ಲಕ್ಷ್ಮಿ’ ನಮ್ಮ ಕಿವಿಗೆ ಎರಡಕ್ಷರ, ಯೂನಿಕೋಡ್ ಲೆಕ್ಕದಲ್ಲಿ 7 ಸಂಕೇತ. ‘ಪುಣ್ಯಕೋಟಿ’ ನಾಲ್ಕಕ್ಷರ, ಸಂಕೇತ 9. ಎಂಟರ ಮಿತಿ ಇರುವ ಆಟದಲ್ಲಿ ಪುಣ್ಯಕೋಟಿಗೆ ಜಾಗವಿಲ್ಲ. ಲಿಪಿಗೆ ತಕ್ಕಂತೆ ಮಿತಿ ಬದಲಿಸುವುದು ಹೊಸದೇನಲ್ಲ. 1996ರಲ್ಲಿ ಜಪಾನಿನಲ್ಲಿ ಬಂದ ಮೊದಲ ಪೊಕೆಮಾನ್ ಆಟಗಳಲ್ಲಿ ಪ್ರಾಣಿಯ ಹೆಸರಿಗೆ 5 ಅಕ್ಷರ ಮಿತಿ. ಇಂಗ್ಲಿಷ್ ಆವೃತ್ತಿಯಲ್ಲಿ ಅದು 10 ಆಯಿತು.

ಇಷ್ಟಕ್ಕೂ ಹೆಸರಿಗೆ ಇಷ್ಟು ಮಹತ್ವ ಯಾಕೆ? 1997ರ ಅಲ್ಟಿಮಾ ಆನ್‌ಲೈನ್‌ನಲ್ಲಿ ಪಳಗಿಸಿದ ಪ್ರಾಣಿಯ ಹೆಸರನ್ನು ಆಟಗಾರ ಬದಲಿಸಬಹುದಿತ್ತು. 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಬೇಟೆಗಾರ ಪಾತ್ರಕ್ಕೆ ಆ ಹಕ್ಕಿದೆ. ರೋಲ್‌ಪ್ಲೇಯಿಂಗ್ ಅಲ್ಲದ ಮೈನ್‌ಕ್ರಾಫ್ಟ್ ಇನ್ನೂ ಮುಂದೆ ಹೋಗುತ್ತದೆ. ಆಟಗಾರ ದೂರ ಹೋದರೆ ಮಾಯವಾಗುವ ಜೀವಿಗೂ ಹೆಸರುಚೀಟಿ ಕಟ್ಟಿದರೆ ಅದು ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಸಾವಿರಾರು ಜನರ ಬಳಿ ಒಂದೇ ಬಣ್ಣದ, ಒಂದೇ ಬಲದ ಕುದುರೆ ಇರುವಾಗ ‘ಇದು ನನ್ನದು’ ಅನ್ನೋದಕ್ಕೆ ಹೆಸರೇ ಗುರುತು. ನಮ್ಮ ಗೋವಿನ ಹಾಡಿನಲ್ಲಿ ಹಸುವಿಗಷ್ಟೇ ಅಲ್ಲ, ಅರ್ಬುತ ಎಂಬ ಹುಲಿಗೂ ಹೆಸರಿದೆ. ಅದಕ್ಕೇ ಅದರ ಸಾವೂ ನಮಗೆ ನೋವು ಕೊಡುತ್ತದೆ.

ಆಟ ಮಾಡುವವರ ಭಯವೂ ಸುಳ್ಳಲ್ಲ. ಪ್ರಾಣಿಯ ಹೆಸರು ಎಲ್ಲರ ಪರದೆಯ ಮೇಲೂ ಕಾಣುತ್ತದೆ. ಅಂಕಿ, ಚುಕ್ಕೆ ಸೇರಿಸಿ ಬೈಗುಳ ತೂರಿಸುವವರಿದ್ದಾರೆ. ಒಂದೇ ಅಕ್ಷರದ ಮೇಲೆ ಹತ್ತಾರು ಚಿಹ್ನೆ ಪೇರಿಸಿ ಪರದೆ ಕೆಡಿಸುವವರೂ ಇದ್ದಾರೆ. ಹಾಗಂತ ಚಿಹ್ನೆಗಳನ್ನೇ ನಿಷೇಧಿಸಬೇಕಿಲ್ಲ. ಮೂರು ಕೆಲಸ ಸಾಕು: ಅಕ್ಷರದ ಹಿಂದೆ ಬರುವ ಚಿಹ್ನೆಯನ್ನು ಒಪ್ಪುವುದು, ಒಂದರ ಮೇಲೊಂದು ಪೇರಿಸುವುದಕ್ಕೆ ಮಿತಿ ಹಾಕುವುದು, ಹೆಸರಿನ ಉದ್ದವನ್ನು ಸಂಕೇತದಿಂದಲ್ಲ, ಕಣ್ಣಿಗೆ ಕಾಣುವ ಅಕ್ಷರದಿಂದ ಎಣಿಸುವುದು. ಬೈಗುಳ ಹಿಡಿಯಲು ಕನ್ನಡ ಬಲ್ಲ ಒಬ್ಬರಾದರೂ ಬೇಕು; ಅದಕ್ಕೆ ಅಡ್ಡದಾರಿ ಇಲ್ಲ.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: “ಇಂಗ್ಲಿಷ್ ಅಕ್ಷರದಲ್ಲೇ ಬರೆದರೆ ಏನು ತೊಂದರೆ?” ಬರೆಯಬಹುದು. ಆದರೆ ಕಾಳಿ, ಕಾಲಿ, ಕಲಿ ಮೂರೂ ಅಲ್ಲಿ ಒಂದೇ ಆಗಿಬಿಡ್ತಾವೆ. ಕಪ್ಪು ಆಕಳನ್ನು ‘ಕಾಳಿ’ ಅಂತ ಕೂಗಿದರೆ ಅದು ತಿರುಗಿ ನೋಡ್ತದೆ, ‘ಕಲಿ’ ಅಂದರೆ ನೋಡೋದಿಲ್ಲ. ತಮ್ಮನಿಗೂ ನಾನು ಇಂಗ್ಲಿಷ್‌ನಲ್ಲಿ ಬರಿ ಅಂತಲೇ ಹೇಳಿದ್ದೆ. “ಅಜ್ಜ ಹಂಗ ಕರೀತಿರಲಿಲ್ಲ” ಅಂದ. ಅವನ ಎರಡನೆಯ ಕುದುರೆಗೆ ಇವತ್ತಿಗೂ ಆಟವೇ ಕೊಟ್ಟ ಹೆಸರಿದೆ.

ಇಲ್ಲಿಗೆ ನಿಲ್ಲಿಸ್ತೀನಿ.