ಎರಡು ನದಿಗಳ ನಡುವಿನ ಕಲ್ಲೂರು

ಭೂಪಟದಲ್ಲಿ ರಾಯಚೂರನ್ನು ಹುಡುಕುವುದು ಸುಲಭ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ. ದೇವದುರ್ಗ ತಾಲ್ಲೂಕಿನ ಉತ್ತರದ ಗಡಿಗೆ ಒಂದು ಹೊಳೆ, ಮಾನ್ವಿಯ ದಕ್ಷಿಣದ ಅಂಚಿಗೆ ಇನ್ನೊಂದು. ಹಳೆಯ ಶಾಸನಗಳು ಈ ಸೀಮೆಯನ್ನು ‘ಎಡೆದೊರೆ ನಾಡು’ ಎಂದು ಕರೆದಿವೆ. ತೊರೆಗಳ ಎಡೆಯಲ್ಲಿರುವ ನಾಡು ಎಂದು ಅರ್ಥ.

ಆದರೆ ಎರಡು ನದಿಗಳಲ್ಲಿ ಒಂದೂ ರಾಯಚೂರನ್ನು ಮುಟ್ಟುವುದಿಲ್ಲ! ನೀರು ತಗ್ಗಿನ ಬಂಡೆಗಳ ಪಾತ್ರದಲ್ಲಿ ಹರಿದುಹೋಗುತ್ತದೆ. ಮೇಲಿನ ಬಯಲಿನಲ್ಲಿ ಎರೆಮಣ್ಣು, ಅಲ್ಲಲ್ಲಿ ಬೋಳು ಗುಡ್ಡ. ಗುಡ್ಡಗಳ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಈ ಕಲ್ಲು ನೀರು ಹೀರುವುದಿಲ್ಲ. ಬಿರುಕುಗಳಲ್ಲಿ ನಿಂತಷ್ಟೇ ಬಾವಿಗೆ ಲಭ್ಯ. ಆದ್ದರಿಂದಲೇ ಕೋಟೆಯ ಪಕ್ಕದ ಆಮ್ ತಲಾಬ್‌ನಂಥ ಕೆರೆಗಳಿಗೆ ಇಲ್ಲಿ ಅಷ್ಟು ಬೆಲೆ. ಇನ್ನು ಮಾನ್ವಿ ತಾಲ್ಲೂಕಿನ ರಾಜೋಳಿಬಂಡಾದಲ್ಲಿ ತುಂಗಭದ್ರೆಗೆ ಅಣೆಕಟ್ಟೆ ಇದೆಯಷ್ಟೆ. ಅದರ ಕಾಲುವೆಯ ನೀರಿನ ಹೆಚ್ಚಿನ ಪಾಲು ಗಡಿ ದಾಟಿ ತೆಲಂಗಾಣದ ಹೊಲಗಳಿಗೆ ಸೇರಬೇಕಾದದ್ದು.

ನೀರು ಕೊಡದ ಗುಡ್ಡ ಕೋಟೆಯನ್ನಂತೂ ಕೊಟ್ಟಿತು. ಒಳಕೋಟೆಯ ಪಡುವಣ ಗೋಡೆಯಲ್ಲಿ ಸುಮಾರು ನಲವತ್ತೊಂದೂವರೆ ಅಡಿ ಉದ್ದ, ಮೂರು ಅಡಿ ಅಗಲದ ಒಂದೇ ಕಲ್ಲಿದೆ. 1294ರಲ್ಲಿ, ಕಾಕತೀಯರ ಅಧೀನದ ಗೋರೆ ಗಂಗಯ್ಯನ ಕಾಲದಲ್ಲಿ ಕೋಟೆ ಕಟ್ಟಿದ ಸಂಗತಿ ಅದರ ಮೇಲೆ ಕೆತ್ತಿದೆ. ದಪ್ಪ ಒಂದೇ ಅಡಿ ಎಂದು ಹಿಡಿದು ಲೆಕ್ಕ ಹಾಕಿದರೂ ತೂಕ ಒಂಬತ್ತು ಟನ್ ಮೀರುತ್ತದೆ.

ಕ್ರೇನ್ ಇಲ್ಲದ ಕಾಲದಲ್ಲಿ ಇದನ್ನು ತಂದದ್ದು ಹೇಗೆ? ಉತ್ತರ ಪಕ್ಕದಲ್ಲೇ ಗೆರೆಚಿತ್ರವಾಗಿ ಉಳಿದಿದೆ. ಗಟ್ಟಿ ಗಾಲಿಗಳ ಬಂಡಿ, ಮುಂದೆ ಉದ್ದಕ್ಕೆ ಹೂಡಿದ ಕೋಣಗಳು, ಅವನ್ನು ಹುರಿದುಂಬಿಸುವ ಜನ. ಗಾಲಿಗಳ ಬಳಿ ಕೆಲವರು ಮರದ ಸನ್ನೆಗೋಲು ಕೊಟ್ಟು ಮೀಟುತ್ತಿದ್ದಾರೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಬರುವ ಸನ್ನೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಕ್ಕುವುದು ಕಷ್ಟ. ರಾಜನ ಹೆಸರಿನ ಜೊತೆಗೆ ದುಡಿದವರನ್ನೂ ಕಲ್ಲಿನಲ್ಲಿ ಕಾಣಿಸಿದ್ದು ದೊಡ್ಡ ಮಾತೇ ಸರಿ.

ಮುಂದೆ ಸುಲ್ತಾನರು ಹೊರಕೋಟೆ ಕಟ್ಟಿದರು. 1513ರ ಏಕ್ ಮಿನಾರ್ ಮಸೀದಿಗೆ ಹೆಸರೇ ಹೇಳುವಂತೆ ಒಂದೇ ಮಿನಾರು, ಎತ್ತರ ಸುಮಾರು 65 ಅಡಿ. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಕೋಟೆ ಹಿಡಿದ. 1871ರಲ್ಲಿ ಮುಂಬಯಿ, ಮದ್ರಾಸುಗಳಿಂದ ಬಂದ ರೈಲು ಹಳಿಗಳು ಕೂಡಿದ್ದೂ ಇದೇ ಊರಿನಲ್ಲಿ.

ದೇವದುರ್ಗ, ಮಾನ್ವಿಗಳಿಂದ ಬರುವವರಿಗೆ ಕೋಟೆ ದೂರವಲ್ಲ. ಬಸ್ ನಿಲ್ದಾಣದ ಹತ್ತಿರವೇ ಇದೆ. ಮರಳುವ ಬಸ್ಸಿಗೆ ಅರ್ಧ ಗಂಟೆ ಇದ್ದರೆ ಮಕ್ಕಳು ಗೆರೆಚಿತ್ರದ ಕೋಣಗಳನ್ನು ಎಣಿಸಬಹುದು.