ನಿತ್ಯದ ಅಲಂಕಾರವೂ ಅಹಿಂಸೆಯೂ

ಅಲಂಕಾರವು ನಿನ್ನೆ ಮೊನ್ನೆ ಹುಟ್ಟಿದ ಚಾಪಲ್ಯವಲ್ಲ. ಹಣೆಗೆ ಕುಂಕುಮ, ಕಣ್ಣಿಗೆ ಕಾಡಿಗೆ, ಕೆನ್ನೆಗೆ ಅರಿಶಿನ, ಕೈಗೆ ಗೋರಂಟಿ, ಮುಡಿಗೆ ಹೂವು—ಇವು ನಮ್ಮ ನಾಡಿನ ಹೆಂಗಸರಿಗೆ ಸ್ನಾನ ಭೋಜನಗಳಷ್ಟೇ ಸಹಜವಾಗಿದ್ದುವು. ಈಗ ಅವುಗಳ ಜತೆಗೆ ತುಟಿಯ ಬಣ್ಣ, ಕೆನ್ನೆಯ ಬಣ್ಣ, ರೆಪ್ಪೆಯ ಬಣ್ಣ, ಮುಖಕ್ಕೆ ಬಳಿಯುವ ಪುಡಿ ಲೇಪಗಳೂ ಮನೆಗೆ ಬಂದಿವೆ. ಇವು ಬೇಕೇ ಬೇಡವೇ ಎಂಬ ಹಳೆಯ ಜಗಳವನ್ನು ಇಲ್ಲಿ ಎತ್ತುವುದಿಲ್ಲ. ಬೆಳಗ್ಗೆ ಕೆಲಸಕ್ಕೆ ಹೊರಡುವ ಹೆಣ್ಣುಮಗಳು ಮುಖವನ್ನು ಒಪ್ಪವಾಗಿಟ್ಟುಕೊಳ್ಳಲು ಬಯಸಿದರೆ ತಪ್ಪೇನೂ ಇಲ್ಲ. ಆದರೆ ಬೇಳೆಯನ್ನು ಮೊರದಲ್ಲಿ ಹರಡಿ ಒಂದೊಂದೇ ಕಲ್ಲನ್ನು ಆರಿಸುವ ಗೃಹಿಣಿಯು ತುಟಿಗೆ ಹಚ್ಚುವ ಬಣ್ಣದಲ್ಲಿ ಏನಿದೆಯೆಂದು ನೋಡದೆಯೇ ಕೊಂಡು ತರುವಳಲ್ಲ, ಅದೇ ಸೋಜಿಗ.

ಕಳೆದ ಗೌರಿಹಬ್ಬದ ದಿನ ನಮ್ಮ ಮನೆಯಲ್ಲಿ ಈ ಪ್ರಶ್ನೆಯು ತಾನಾಗಿಯೇ ಎದ್ದಿತು. ನಮ್ಮ ಅತ್ತೆಯವರು ಮೊಟ್ಟೆ ಹಾಕಿದ ಬಿಸ್ಕತ್ತನ್ನು ಸಹ ಮನೆಯೊಳಕ್ಕೆ ಬಿಡದವರು. ಮೊಮ್ಮಗಳು ಬಾಗಿನ ಕೊಡಲು ಸಿದ್ಧಳಾಗಿ ನಿಂತಿದ್ದಾಗ ಅವಳ ತುಟಿಯನ್ನು ನೋಡಿ, “ಈ ಕೆಂಪು ಯಾವುದರದೇ? ಕುಂಕುಮದ್ದೇ?” ಎಂದು ಕೇಳಿದರು. ಹುಡುಗಿಯು ಡಬ್ಬಿಯನ್ನು ತಿರುಗಿಸಿ ನೋಡಿದಳು. ಸಣ್ಣ ಅಕ್ಷರದಲ್ಲಿ ಸಿ. ಐ. 75470 ಎಂದು ಅಚ್ಚಾಗಿತ್ತು. ಅದು ಕಾರ್ಮೈನ್ ಎಂಬ ಬಣ್ಣದ ಸಂಖ್ಯೆ. ಪಾಪಸುಕಳ್ಳಿಯ ಮೇಲೆ ಬದುಕುವ ಒಂದು ಹುಳುವನ್ನು ಒಣಗಿಸಿ ಅರೆದು ತೆಗೆಯುವ ಕೆಂಪು. “ಮೊಟ್ಟೆ ಬೇಡವೆಂದ ಮನೆಯಲ್ಲಿ ಹುಳುವನ್ನು ಬಾಯಿಗೆ ಬಳಿದುಕೊಳ್ಳುವುದೇನೇ?” ಎಂದರು ಅತ್ತೆಯವರು. ಹುಡುಗಿಯು ಸುಮ್ಮನಿರಲಿಲ್ಲ. “ಅಜ್ಜಿ, ನೀವುಟ್ಟಿರುವ ರೇಷ್ಮೆಯೂ ಹುಳುವಿನದೇ ಅಲ್ಲವೇ? ಗೂಡನ್ನು ಬಿಸಿನೀರಿಗೆ ಹಾಕಿದಾಗ ಒಳಗಿದ್ದ ಜೀವ ಏನಾಯಿತು?” ಎಂದುಬಿಟ್ಟಳು. ಹಿರಿಯರಿಗೆ ಎದುರಾಡಿದಳೆಂದು ನಾನು ಅವಳನ್ನು ಗದರಿಸಿದೆನಾದರೂ, ಅವಳ ಮಾತಿಗೆ ಉತ್ತರವು ನನ್ನಲ್ಲಿಯೂ ಇರಲಿಲ್ಲ. ಅತ್ತೆಯವರು ಆ ದಿನವೆಲ್ಲ ಮಾತು ಕಡಮೆಮಾಡಿದರು.

ಆ ಬಳಿಕ ನಾವು ಮೂವರೂ ಸೇರಿ ಒಂದು ತಿಂಗಳ ಪ್ರಯೋಗವನ್ನು ಕೈಕೊಂಡೆವು. ನಿತ್ಯಕ್ಕೆ ಬೇಕಾದಷ್ಟು ಅಲಂಕಾರವನ್ನು ಪ್ರಾಣಿಗಳಿಗೆ ನೋವಿಲ್ಲದಂತೆ, ನಮ್ಮ ಚರ್ಮಕ್ಕೂ ಕೇಡಿಲ್ಲದಂತೆ ಒದಗಿಸಿಕೊಳ್ಳಬಹುದೇ ಎಂದು ನೋಡುವುದೇ ಅದರ ಉದ್ದೇಶ.

ಮೂರು ಮಾತುಗಳು, ಮೂರು ಅರ್ಥಗಳು

ಅಂಗಡಿಯ ಡಬ್ಬಿಗಳ ಮೇಲೆ ಮೂರು ಮಾತುಗಳು ಕಾಣುತ್ತವೆ. ಇವನ್ನು ಒಂದೇ ಎಂದು ತಿಳಿಯುವುದರಿಂದಲೇ ಮೋಸಹೋಗುವುದು ಹೆಚ್ಚು.

ಮೊದಲನೆಯದು ‘ನೈಸರ್ಗಿಕ’. ಎಂದರೆ ಪ್ರಕೃತಿಯಿಂದ ಬಂದದ್ದು. ಆದರೆ ಮೇಲೆ ಹೇಳಿದ ಹುಳುವಿನ ಕೆಂಪೂ ಪ್ರಕೃತಿಯದೇ. ಜೇನುಮೇಣವೂ, ಕುರಿಯ ಉಣ್ಣೆಯ ಜಿಡ್ಡಾದ ಲ್ಯಾನೊಲಿನ್ನೂ, ಮೀನಿನ ಪೊರೆಯಿಂದ ತೆಗೆಯುವ ಮುತ್ತಿನಂಥ ಹೊಳಪೂ ಪ್ರಕೃತಿಯವೇ. ನಮ್ಮ ಹಿರಿಯರು ಪಾದಕ್ಕೆ ಹಚ್ಚುತ್ತಿದ್ದ ಅಲತಿಗೆಯ ರಸವೂ ಅರಗಿನ ಹುಳುವಿನಿಂದಲೇ ಬಂದದ್ದು. ಸೀಸವೂ ಪ್ರಕೃತಿಯದೇ, ಅದನ್ನು ಹಚ್ಚಿಕೊಳ್ಳಬಹುದೇ?

ಎರಡನೆಯದು ‘ವೀಗನ್’. 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಶಬ್ದಕ್ಕೆ, ಪ್ರಾಣಿಯಿಂದ ಬಂದ ಯಾವ ವಸ್ತುವೂ ಇಲ್ಲದ್ದು ಎಂದು ಅರ್ಥ. ಹಾಲು, ತುಪ್ಪ, ಜೇನು, ಉಣ್ಣೆ, ರೇಷ್ಮೆ ಇವೆಲ್ಲವೂ ಇದರಲ್ಲಿ ವರ್ಜ್ಯ. ನಾವು ಸಸ್ಯಾಹಾರಿಗಳೆಂದು ಹೇಳಿಕೊಳ್ಳುವ ಮನೆಗಳಿಗಿಂತ ಇದು ಒಂದು ಹೆಜ್ಜೆ ಮುಂದಿನದು. ಆದರೆ ಕಾರ್ಖಾನೆಯಲ್ಲಿ ತಯಾರಾದ ಬಣ್ಣವೂ ವೀಗನ್ ಆಗಿರಬಹುದು. ಗಿಡಮೂಲಿಕೆಯದೇ ಆಗಬೇಕೆಂದೇನೂ ಇಲ್ಲ.

ಮೂರನೆಯದು ‘ಕ್ರುಯೆಲ್ಟಿ ಫ್ರೀ’, ಅಂದರೆ ಹಿಂಸಾರಹಿತವೆಂಬ ಮಾತು. ಇದು ಪದಾರ್ಥವನ್ನು ಕುರಿತದ್ದಲ್ಲ, ಪರೀಕ್ಷೆಯನ್ನು ಕುರಿತದ್ದು: ಈ ವಸ್ತುವನ್ನು ಪ್ರಾಣಿಗಳ ಮೇಲೆ ಪ್ರಯೋಗಿಸಿ ನೋಡಿಲ್ಲವೆಂದು ಇದರ ತಾತ್ಪರ್ಯ. ಜೇನುಮೇಣವಿರುವ ತುಟಿಬಣ್ಣಕ್ಕೂ ಈ ಗುರುತು ಇರಬಹುದು.

ಪ್ರಾಣಿಪರೀಕ್ಷೆಯು ಏಕೆ ಬಂದಿತೆಂಬುದನ್ನೂ ಅರಿಯಬೇಕು. 1933ರ ಸುಮಾರಿಗೆ ಅಮೆರಿಕದಲ್ಲಿ ರೆಪ್ಪೆಗೆ ಹಚ್ಚುವ ಒಂದು ಬಣ್ಣದಿಂದ ಕೆಲವು ಹೆಂಗಸರ ಕಣ್ಣು ಕೆಟ್ಟಿತು. ಒಬ್ಬಾಕೆಯ ಪ್ರಾಣವೇ ಹೋಯಿತು. ಇಂಥ ಅನಾಹುತಗಳ ಫಲವಾಗಿ 1938ರಲ್ಲಿ ಆ ದೇಶದಲ್ಲಿ ಸೌಂದರ್ಯಸಾಧನಗಳನ್ನೂ ಕಾನೂನಿನ ಹತೋಟಿಗೆ ತಂದರು. 1944ರಲ್ಲಿ ಜಾನ್ ಡ್ರೇಜ್ ಎಂಬ ವಿಜ್ಞಾನಿಯು ಮೊಲದ ಕಣ್ಣಿಗೆ ವಸ್ತುವನ್ನು ಹಾಕಿ ಉರಿಯನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದನು. ಮನುಷ್ಯರ ಕಣ್ಣನ್ನು ಉಳಿಸಲೆಂದು ಹೊರಟ ಈ ಕ್ರಮವು ಎಷ್ಟೋ ಮೂಕಪ್ರಾಣಿಗಳ ಕಣ್ಣನ್ನು ತೆಗೆದುಕೊಂಡಿತು. ಈಗ ಪ್ರಯೋಗಶಾಲೆಯಲ್ಲಿ ಬೆಳೆಸಿದ ಮನುಷ್ಯಚರ್ಮದ ಪದರದ ಮೇಲೆಯೇ ಪರೀಕ್ಷಿಸುವ ವಿಧಾನಗಳು ಬಂದಿವೆ. ನಮ್ಮ ದೇಶವು 2014ರ ಮೇ ತಿಂಗಳಿನಲ್ಲಿ ಸೌಂದರ್ಯಸಾಧನಗಳಿಗಾಗಿ ಪ್ರಾಣಿಪರೀಕ್ಷೆ ಮಾಡುವುದನ್ನು ನಿಷೇಧಿಸಿತು; ಅದೇ ವರ್ಷದ ನವೆಂಬರಿನಲ್ಲಿ, ಹಾಗೆ ಪರೀಕ್ಷಿತವಾದ ಹೊರದೇಶದ ಸಾಮಾನುಗಳ ಆಮದನ್ನೂ ತಡೆಯಿತು. ಯೂರೋಪಿನ ಒಕ್ಕೂಟದಲ್ಲಿ ಪೂರ್ಣನಿಷೇಧವು 2013ರಲ್ಲಿ ಜಾರಿಗೆ ಬಂದಿತ್ತು.

ಹಣೆಗೆ

ನಮ್ಮ ಪ್ರಯೋಗವು ಹಣೆಯಿಂದಲೇ ಆರಂಭವಾಯಿತು. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣವನ್ನು ಹಾಕಿದೊಡನೆ ಅದು ಓಕುಳಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ಅದೇ ನೀರಿಗೆ ನಿಂಬೆಯ ರಸವನ್ನು ಹಿಂಡಿದರೆ ಕೆಂಪು ಮಾಯವಾಗಿ ಹಳದಿಯು ಹಿಂದಿರುಗುವುದು. ಅರಿಶಿನದ ಬಣ್ಣಕ್ಕೆ ಹೀಗೆ ಕ್ಷಾರ ಆಮ್ಲಗಳೊಡನೆ ಬದಲಾಗುವ ಗುಣವುಂಟು. ಅರಿಶಿನದ ಕೊಂಬಿಗೆ ನಿಂಬೆಯ ರಸವನ್ನೂ ಬಿಳಿಗಾರವನ್ನೂ ಕೂಡಿಸಿ ಕುಂಕುಮ ಮಾಡುತ್ತಿದ್ದ ಹಳೆಯ ಕ್ರಮಕ್ಕೂ ಇಂಥದೇ ರಸಾಯನವು ಆಧಾರ. ಹೀಗೆ ಮಾಡಿದ ಕುಂಕುಮದಲ್ಲಿ ಪ್ರಾಣಿಜನ್ಯವಾದದ್ದೇನೂ ಇಲ್ಲ. ಪೇಟೆಯ ಅಗ್ಗದ ಕುಂಕುಮದಲ್ಲಿ ಬಟ್ಟೆಯ ಬಣ್ಣವೂ, ಕೆಲವು ಸಿಂಧೂರಗಳಲ್ಲಿ ಸೀಸವೂ ಸೇರಿರುವುದುಂಟು. ಹಣೆಯಲ್ಲಿ ತುರಿಕೆ, ಕಪ್ಪುಕಲೆ ಕಂಡರೆ ಒಡನೆ ಬಿಡತಕ್ಕದ್ದು. ಅಂಟಿಸುವ ಬೊಟ್ಟುಗಳ ಗೋಂದಿನಲ್ಲಿರುವ ಒಂದು ರಾಸಾಯನಿಕದಿಂದ ಕೆಲವರಿಗೆ ಹಣೆಯ ಮೇಲೆ ಬಿಳಿಯ ಮಚ್ಚೆಯಾಗುವುದೆಂದು ಚರ್ಮವೈದ್ಯರು ಗುರುತಿಸಿದ್ದಾರೆ.

ಕಣ್ಣಿಗೆ

ಕಾಡಿಗೆಯನ್ನು ಅತ್ತೆಯವರೇ ಮುಂದಾಗಿ ಮಾಡಿದರು. ಶುಭ್ರವಾದ ಹತ್ತಿಬಟ್ಟೆಯನ್ನು ಗರುಗದ ಸೊಪ್ಪಿನ ರಸದಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯ ಹಣತೆಯಲ್ಲಿ ಹೊತ್ತಿಸಿದರು. ಅದರ ಮೇಲೆ ಗಾಳಿಯಾಡುವಷ್ಟು ಎಡೆಬಿಟ್ಟು ಹಿತ್ತಾಳೆಯ ತಟ್ಟೆಯನ್ನು ಬೋರಲಾಗಿ ಇರಿಸಿದರು. ಬೆಳಗಾಗುವಷ್ಟರಲ್ಲಿ ಕಟ್ಟಿದ್ದ ಮಸಿಯನ್ನು ಕೆರೆದು, ಹಿಂದೆ ಬೆರೆಸುತ್ತಿದ್ದ ತುಪ್ಪಕ್ಕೆ ಬದಲಾಗಿ ಎರಡು ತೊಟ್ಟು ಹರಳೆಣ್ಣೆಯನ್ನೇ ಬೆರೆಸಿದರು. ಬಣ್ಣವು ಬಹು ಸೊಗಸು. ಆದರೆ ಮಧ್ಯಾಹ್ನದ ಬೆವರಿಗೆ ಹರಡುವ ದೋಷವುಂಟು. ಕೂವೆಹಿಟ್ಟನ್ನು ಕಣ್ಣಿನ ಕೆಳಗೆ ಮೊದಲೇ ತುಸು ಸವರಿದರೆ ಹರಡುವುದು ಕಡಮೆ. ಇದನ್ನು ರೆಪ್ಪೆಯ ಹೊರಗಡೆ ಮಾತ್ರ ಹಚ್ಚಬೇಕು. ಹಸುಗೂಸುಗಳ ಕಣ್ಣಿಗೆ ಮನೆಯದಾಗಲಿ ಅಂಗಡಿಯದಾಗಲಿ ಕಾಡಿಗೆ ಬೇಡವೆಂದು ವೈದ್ಯರು ಹೇಳುತ್ತಾರೆ. ಅದನ್ನು ಅತ್ತೆಯವರು ಒಪ್ಪುವುದಕ್ಕೆ ಎರಡು ದಿನ ಬೇಕಾಯಿತು. ಸುರ್ಮವೆಂದು ಮಾರುವ ಹೊಳೆಯುವ ಕಪ್ಪು ಪುಡಿಯು ಎಷ್ಟೋ ಸಲ ಸೀಸದ ಅದಿರೇ ಆಗಿರುವುದರಿಂದ ಅದನ್ನು ಯಾರೂ ಬಳಸಬಾರದು.

ತುಟಿಗೆ

ಎಲ್ಲಕ್ಕಿಂತ ತೊಡಕಾದದ್ದು ತುಟಿಯೇ. ಹಚ್ಚಿದ್ದರಲ್ಲಿ ಸ್ವಲ್ಪವು ಹೊಟ್ಟೆಗೂ ಹೋಗುವುದಷ್ಟೆ. ಮಗಳು ಬೀಟ್‌ರೂಟಿನ ರಸವನ್ನು ಎಣ್ಣೆಗೆ ಕಲಸಿ ನೋಡಿದಳು. ಆ ಕೆಂಪು ನೀರಿನಲ್ಲಿ ಕರಗುವುದೇ ಹೊರತು ಎಣ್ಣೆಯಲ್ಲಿ ಕರಗುವುದಿಲ್ಲವಾದ್ದರಿಂದ ಎರಡೂ ಬೇರೆಬೇರೆಯಾಗಿ ನಿಂತುವು. ರಸವನ್ನೇ ತುಟಿಗೆ ಒತ್ತಿದರೆ ಒಂದು ಗಳಿಗೆ ಚೆಂದ. ಊಟವಾದ ಮೇಲೆ ಏನೂ ಇಲ್ಲ.

ಕೈಹಿಡಿದದ್ದು ಮಲೆನಾಡು ಕರಾವಳಿಗಳ ಮುರುಗಲ ತುಪ್ಪ. ಹೆಸರು ತುಪ್ಪವಾದರೂ ಇದು ಪುನರ್ಪುಳಿಯ ಬೀಜದಿಂದ ತೆಗೆದ ಕೊಬ್ಬು. ಉತ್ತರ ಕನ್ನಡದ ಮನೆಗಳಲ್ಲಿ ಒಡೆದ ಹಿಮ್ಮಡಿಗೂ ತುಟಿಗೂ ಇದನ್ನು ಹಚ್ಚುವುದು ವಾಡಿಕೆ. ನಮ್ಮ ಸಾಮಾನ್ಯ ಸೆಕೆಯಲ್ಲಿಯೂ ಕರಗದೆ ಗಟ್ಟಿಯಾಗಿರುವುದರಿಂದ ಜೇನುಮೇಣದ ಕೆಲಸವನ್ನು ಬಹುಮಟ್ಟಿಗೆ ಇದೇ ಮಾಡಬಲ್ಲದು. ತುಟಿಯ ಒಣಗುವಿಕೆಯು ವಾರದೊಳಗೆ ನಿಂತಿತು. ಬಣ್ಣವೇ ಬೇಕೆಂದಾಗ, ಕಾರ್ಮೈನಿಗೆ ಬದಲಾಗಿ ಕಬ್ಬಿಣದ ಆಕ್ಸೈಡಿನ ಬಣ್ಣವಿರುವ, ಜೇನುಮೇಣಕ್ಕೆ ಬದಲಾಗಿ ಕಾರ್ನೌಬ ಅಥವಾ ಕ್ಯಾಂಡೆಲಿಲ್ಲ ಎಂಬ ಗಿಡಮೇಣವಿರುವ ಕಡ್ಡಿಯನ್ನು ಕೊಂಡೆವು. ಡಬ್ಬಿಯ ಮೇಲೆ 77491, 77492, 77499 ಎಂಬ ಸಂಖ್ಯೆಗಳಿದ್ದರೆ ಅವು ಕಬ್ಬಿಣದ ಬಣ್ಣಗಳು. 75470 ಇದ್ದರೆ ಹುಳುವಿನದು. 75170 ಇದ್ದರೆ ಗ್ವಾನಿನ್, ಸಾಮಾನ್ಯವಾಗಿ ಮೀನಿನ ಪೊರೆಯ ಹೊಳಪು. ಈ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಸಾಕು, ಜಾಹೀರಾತಿನ ಮಾತನ್ನು ನಂಬಬೇಕಾಗಿಲ್ಲ.

ಕಬ್ಬಿಣದ ಕೆಂಪೆಂದರೆ ನಮ್ಮ ಕೆಮ್ಮಣ್ಣಿನ ಕೆಂಪೇ. ಹಾಗಾದರೆ ಕೆಮ್ಮಣ್ಣನ್ನೇ ಅರೆದು ಬಳಸಬಾರದೇಕೆ ಎಂದು ಕೇಳಬಹುದು. ನೆಲದ ಮಣ್ಣಿನಲ್ಲಿ ಸೀಸ, ಪಾಷಾಣಗಳು ಬೆರೆತಿರುವ ಸಂಭವವುಂಟು. ಪ್ರಸಾಧನಕ್ಕೆಂದು ಕಾರ್ಖಾನೆಯಲ್ಲಿ ತಯಾರಿಸಿದ್ದರಲ್ಲಿ ಅವುಗಳಿಗೆ ಮಿತಿಯಿಟ್ಟಿರುತ್ತದೆ. ಇಲ್ಲಿ ಕೃತಕವೇ ನೈಸರ್ಗಿಕಕ್ಕಿಂತ ಮೇಲು.

ಮುಖಕ್ಕೆ

ಮುಖದ ಪುಡಿಗೆ ನುಣ್ಣನೆಯ ಕೂವೆಹಿಟ್ಟನ್ನು ಎರಡು ಸಲ ವಸ್ತ್ರಗಾಳಿತಮಾಡಿ ಬಳಸಿದೆವು. ಬಿಸಿಲುಗಾಲದಲ್ಲಿ ಜಿಡ್ಡನ್ನು ಚೆನ್ನಾಗಿ ಹೀರುವುದು, ಮಳೆಗಾಲದಲ್ಲಿ ಗಂಟುಕಟ್ಟುವುದು. ಒದ್ದೆ ಕೈಯನ್ನು ತಾಕಿಸದೆ, ಸ್ವಲ್ಪಸ್ವಲ್ಪವೇ ಮಾಡಿಟ್ಟುಕೊಳ್ಳತಕ್ಕದ್ದು. ಗಂಧವನ್ನು ತೇಯುವ ಆಸೆಯೂ ಆಯಿತು. ಆದರೆ ಶ್ರೀಗಂಧದ ಮರವು ಇಂದು ಅಳಿವಿನ ಭಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿದೆ. ದೇವರಿಗೆ ಒಂದು ಬೊಟ್ಟು ಸಾಕೆಂದು ಅದನ್ನು ಅಲ್ಲಿಯೇ ಬಿಟ್ಟೆವು.

ಕಾಗೆಬಂಗಾರದ ಮಾತು

ಕೆನ್ನೆಗೂ ಕಣ್ಣಿಗೂ ಹಚ್ಚುವ ಪುಡಿಗಳ ಮಿನುಗು ಬಹುಪಾಲು ಅಭ್ರಕದಿಂದ ಬರುವುದು. ನಮ್ಮ ಹಳ್ಳಿಗರು ಇದನ್ನು ಕಾಗೆಬಂಗಾರವೆನ್ನುವರು. ಇದರ ಸಂಖ್ಯೆ 77019. ಇದು ಕಲ್ಲು, ಪ್ರಾಣಿಯ ಸೋಂಕಿಲ್ಲ, ಆದುದರಿಂದ ವೀಗನ್ ಎಂಬ ಗುರುತಿಗೆ ಅಡ್ಡಿಯಿಲ್ಲ. ಆದರೆ ಜಾರ್ಖಂಡದ ಕೊಡರ್ಮ, ಗಿರಿಡೀ ಪ್ರಾಂತಗಳಲ್ಲಿ, ಕೈಬಿಟ್ಟ ಗಣಿಗಳ ಗುಂಡಿಗಳಲ್ಲಿ ಇಳಿದು ಇದನ್ನು ಹೆಕ್ಕುವವರಲ್ಲಿ ಶಾಲೆಗೆ ಹೋಗಬೇಕಾದ ಮಕ್ಕಳೂ ಸೇರಿರುವರೆಂಬುದು ಹಲವು ವರ್ಷಗಳಿಂದ ಬಯಲಾದ ಸಂಗತಿ. ಮಣ್ಣು ಕುಸಿದು ಸತ್ತವರೂ ಉಂಟು. 2017ರಲ್ಲಿ ಕೊಳ್ಳುವ ಕಂಪನಿಗಳು ಕೂಡಿ ಇದನ್ನು ತಿದ್ದಲು ಒಂದು ಸಂಘವನ್ನು ಕಟ್ಟಿದುವು.

ಮೊಲದ ಚಿತ್ರವಿರುವ ಡಬ್ಬಿಯೊಳಗೆ ಮಗುವಿನ ದುಡಿತವು ಅಡಗಿರಬಹುದೆಂಬುದನ್ನು ತಿಳಿದಾಗ ನಮಗೆ ಬಹಳ ಸಂಕಟವಾಯಿತು. ಹಿಂಸಾರಹಿತವೆಂಬ ಗುರುತು ಪ್ರಾಣಿಗಳ ಮಾತನ್ನು ಮಾತ್ರ ಹೇಳುತ್ತದೆ. ಮನುಷ್ಯರ ವಿಷಯದಲ್ಲಿ ಅದು ಮೌನ. ಅಭ್ರಕವು ಎಲ್ಲಿಂದ ಬಂತೆಂದು ಕೇಳಿ ಕಂಪನಿಗೆ ಒಂದು ಕಾಗದ ಬರೆಯುವುದು, ಇಲ್ಲವೆ ಮಿನುಗನ್ನೇ ಬಿಡುವುದು—ಈ ಎರಡು ದಾರಿಗಳಿವೆ. ಮಗಳು ಎರಡನ್ನೂ ಮಾಡಿದಳು. ನಿತ್ಯದ ಅಲಂಕಾರಕ್ಕೆ ಮಿನುಗು ಬೇಕಾಗಿಯೂ ಇಲ್ಲ.

ಎರಡು ಎಚ್ಚರಿಕೆಗಳು

ಯಾವ ಹೊಸ ವಸ್ತುವನ್ನಾದರೂ, ಅದು ಮನೆಯಲ್ಲಿಯೇ ಮಾಡಿದ್ದಾದರೂ, ನೇರವಾಗಿ ಮುಖಕ್ಕೆ ಹಚ್ಚಬಾರದು. ಮೊಣಕೈಯ ಒಳಮಗ್ಗುಲಿನಲ್ಲಿ ದಿನಕ್ಕೆ ಎರಡಾವರ್ತಿ, ಒಂದು ವಾರ ಹಚ್ಚಿ ನೋಡಬೇಕು. ಕೆಂಪಾಗದಿದ್ದರೆ, ತುರಿಸದಿದ್ದರೆ ಮುಂದುವರಿಯಬಹುದು. ಎರಡನೆಯದಾಗಿ, ಗೋರಂಟಿಯ ಸಹಜವಾದ ಬಣ್ಣವು ಕೆಂಪು ಕಂದು ಮಾತ್ರ. ಗಳಿಗೆಯೊಳಗೆ ಕಪ್ಪಾಗುವ ‘ಕಪ್ಪು ಮೆಹಂದಿ’ಯಲ್ಲಿ ಕೂದಲಿಗೆ ಹಾಕುವ ಬಣ್ಣದ ರಾಸಾಯನಿಕವು ಬೆರೆತಿರುತ್ತದೆ, ಅದರಿಂದ ಬೊಕ್ಕೆಯೆದ್ದು ಕಲೆ ಉಳಿಯುವುದುಂಟು.

ತಿಂಗಳು ಮುಗಿದಾಗ ನಮ್ಮ ಕನ್ನಡಿಯ ಮುಂದಿನ ಸಾಮಾನು ಹದಿನಾಲ್ಕರಿಂದ ಐದಕ್ಕೆ ಇಳಿದಿತ್ತು: ಕುಂಕುಮ, ಕಾಡಿಗೆ, ಕೂವೆಹಿಟ್ಟು, ಮುರುಗಲ ತುಪ್ಪ, ಒಂದು ತುಟಿಬಣ್ಣ. ಖರ್ಚೂ ಕಡಮೆಯಾಯಿತು. ಆದರೆ ಇಷ್ಟರಿಂದ ನಾವು ಹಿಂಸೆಯಿಂದ ಪಾರಾದೆವೆಂದು ಹೇಳಲಾರೆ. ಬದುಕೆಂದ ಮೇಲೆ ಯಾವುದೋ ಒಂದು ಜೀವಕ್ಕೆ ನೋವು ತಟ್ಟಿಯೇ ತಟ್ಟುತ್ತದೆ. ತಿಳಿಯದೆ ಮಾಡಿದ್ದು ಬೇರೆ, ತಿಳಿದ ಮೇಲೆಯೂ ಬಿಡದಿರುವುದು ಬೇರೆ. ಬಿಡಬಹುದಾದದ್ದನ್ನು ಬಿಟ್ಟರೆ ಅಷ್ಟು ಭಾರವು ಕಡಮೆ.

ಮೊನ್ನೆ ಶುಕ್ರವಾರದ ಪೂಜೆಗೆ ಅತ್ತೆಯವರು ರೇಷ್ಮೆಯ ಮಡಿಯನ್ನು ಉಡಲಿಲ್ಲ. ಒಗೆದು ಒಣಗಿಸಿದ ನೂಲಿನ ಸೀರೆಯನ್ನುಟ್ಟು ಬಂದು ಕುಳಿತರು. ಯಾರೂ ಏನೂ ಕೇಳಲಿಲ್ಲ. ಪೂಜೆ ಮುಗಿದ ಮೇಲೆ ಮೊಮ್ಮಗಳನ್ನು ಕರೆದು, ತಾವು ಮಾಡಿದ ಕಾಡಿಗೆಯ ಡಬ್ಬಿಯನ್ನು ಅವಳ ಕೈಗಿತ್ತು, “ಕಣ್ಣಿನ ಒಳಕ್ಕೆ ಹಚ್ಚಬೇಡವೇ” ಎಂದರು.