ನೀರಿಲ್ಲದ ದ್ವೀಪ

ದ್ವೀಪವೆಂದೊಡನೆ ಸಮುದ್ರವು ನೆನಪಿಗೆ ಬರುವುದು ಸಹಜ. ಆದರೆ ಕೂಡ್ಲಿಗಿಯ ನೆರೆಯ ಸಂಡೂರು ನೀರಿಲ್ಲದೆಯೇ ದ್ವೀಪವಾಗಿದ್ದ ನಾಡು. ಸುತ್ತಲೂ ಬ್ರಿಟಿಷರ ಬಳ್ಳಾರಿ ಜಿಲ್ಲೆ. ನಡುವೆ, ಬೆಟ್ಟಗಳ ಮರೆಯಲ್ಲಿ, ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ.

1728ರಲ್ಲಿ ಸಿದ್ದೋಜಿರಾವ್ ಘೋರ್ಪಡೆಯು ಬೇಡನಾಯಕನಿಂದ ಇದನ್ನು ಗೆದ್ದುಕೊಂಡನು. ಮುಂದೆ ಪೇಶ್ವೆಯು ಇದು ತನ್ನದೆಂದು ಹಕ್ಕು ಹೂಡಲು, 1817ರಲ್ಲಿ ಮನ್ರೋ ಸಾಹೇಬನು ಇದನ್ನು ವಶಪಡಿಸಿಕೊಂಡನು. ಪೇಶ್ವೆಯ ಆಳ್ವಿಕೆಯೇ ಅಳಿದುಹೋಗಲು, ಮರುವರ್ಷ ನಾಡು ಹಳೆಯ ಒಡೆಯನಿಗೆ ಮರಳಿತು. 1826ರಲ್ಲಿ ಸನದೂ ದೊರೆಯಿತು.

ಕಾವಲಾಗಿದ್ದ ಬೆಟ್ಟಗಳೇ ಇಪ್ಪತ್ತನೆಯ ಶತಮಾನದಲ್ಲಿ ಬೊಕ್ಕಸವಾದವು. ಮ್ಯಾಂಗನೀಸು, ಕಬ್ಬಿಣಗಳ ಅದಿರು ಅಲ್ಲಿ ಹೇರಳ. ಆದರೆ ಅದು ಕಡಲು ಸೇರಬೇಕಾದರೆ ನೆರೆಯ ಸೀಮೆಯನ್ನು ದಾಟಲೇಬೇಕು. ದ್ವೀಪಕ್ಕೆ ನೆರೆಯವನ ಹಂಗು ತಪ್ಪದು. 1949ರಲ್ಲಿ ಸಂಸ್ಥಾನವು ಮದರಾಸು ಪ್ರಾಂತದಲ್ಲಿ ಲೀನವಾಗಿ, 1953ರಲ್ಲಿ ಬಳ್ಳಾರಿಯ ಬಹುಭಾಗದೊಡನೆ ಮೈಸೂರನ್ನು ಸೇರಿತು. ಗಡಿಯು ಅಳಿಯಿತು, ಅದಿರಿನ ಆಸೆ ಅಳಿಯಲಿಲ್ಲ. ಮಿತಿಮೀರಿದ ಗಣಿಗಾರಿಕೆಯನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ತಡೆಯಬೇಕಾಯಿತು.

2021ರಲ್ಲಿ ಕೂಡ್ಲಿಗಿಯು ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳೊಡನೆ ವಿಜಯನಗರ ಜಿಲ್ಲೆಗೆ ಸೇರಿತು. ಸಂಡೂರು ಬಳ್ಳಾರಿಯಲ್ಲಿಯೇ ಉಳಿಯಿತು. ನೆರೆಯವರ ನಡುವೆ ಮತ್ತೊಂದು ಗೆರೆ. ಗೆರೆಯನ್ನು ಎಳೆಯಲೂಬಹುದು, ಅಳಿಸಲೂಬಹುದು. ಅಗೆದುಹೋದ ಬೆಟ್ಟವನ್ನು ಮರಳಿ ನಿಲ್ಲಿಸುವವರು ಯಾರು? ಶ್ರೋತೃಗಳು ಯೋಚಿಸಬೇಕು.